ಒದ್ದೆ ನೆರಳಿನ ದೋಣಿಮನೆ

ನಮ್ಮೂರಿನ ದೋಣಿಮನೆಗೆ ಎರಡು ಬಾಗಿಲು, ಒಂದು ಕಡಲಿಗೆ, ಒಂದು ಊರಿಗೆ. ಮುಳುಗುವಾಗ ಎತ್ತಿ ತಂದವರನ್ನು ಕಡಲ ಬಾಗಿಲಿನಿಂದ ಒಳಗೆ ತರಬೇಕು, ಅವರ ನೆರಳು ಒಣಗಿದ ಮೇಲೆ ಊರ ಬಾಗಿಲಿನಿಂದ ಹೊರಗೆ ಕಳಿಸಬೇಕು. ನನ್ನ ಮಗಳು ಗುಲಾಬಿಯನ್ನು ಊರ ಬಾಗಿಲಿನಿಂದಲೇ ಒಳಗೆ ತಂದರು. ಊರಿನವರ ಅನುಮಾನ ಆ ಹೊಸ್ತಿಲಿನಲ್ಲೇ ಹುಟ್ಟಿತು.

ಆ ಮನೆ ಕಟ್ಟಿದ್ದು ನನ್ನ ಅಜ್ಜಿ ಹುಟ್ಟುವುದಕ್ಕೂ ಮೊದಲು. ಹಾಯಿಹಡಗುಗಳು ಅಳಿವೆಯ ಬಾಯಿಯ ಬಂಡೆಗೆ ಬಡಿದು ಒಡೆಯುತ್ತಿದ್ದ ಕಾಲವಂತೆ. ಮುಳುಗುವವರನ್ನು ತರಲು ಆರು ಹುಟ್ಟಿನ ಒಂದು ದೋಣಿ, ಆ ದೋಣಿಗೆ ಈ ಮನೆ. ಕೆಂಪುಕಲ್ಲಿನ ಗೋಡೆ, ಕಡಲ ಕಡೆಗೆ ದೊಡ್ಡ ಕಮಾನು, ದೋಣಿ ಜಾರಲೆಂದು ಆ ಕಡೆಗೇ ಇಳಿಜಾರಾದ ಕರಿಕಲ್ಲಿನ ನೆಲ. ಊರ ಕಡೆಗೆ, ಅಂದರೆ ಮೂಡಣಕ್ಕೆ, ತಲೆ ಬಗ್ಗಿಸಿ ದಾಟುವ ಸಣ್ಣ ಬಾಗಿಲು, ಅದರ ಪಕ್ಕದಲ್ಲಿ ಒಂದೇ ಒಂದು ಕಿಟಕಿ. ಕಟ್ಟಿದವನು ದೋಣಿಯ ಅಳತೆ ಹಿಡಿದು ಕಟ್ಟಿದನೇ ಹೊರತು ಮನುಷ್ಯರ ಅಳತೆ ಹಿಡಿಯಲಿಲ್ಲ. ಬಾರ್ಜು ಮಗುಚಿದ ವರ್ಷ ಒಂದಿಡೀ ಗುಂಪನ್ನು ಒಳಗೆ ಇರಿಸಬೇಕಾಗಿ ಬಂದು, ಕಿಟಕಿಯ ಬಿಸಿಲಿಗೆ ಸರದಿ ನಿಂತು ಜಗಳವಾಡಿದರಂತೆ. ಒಬ್ಬ ದಪ್ಪನೆಯ ಸಾಹುಕಾರನ ನೆರಳು ಇಡೀ ಕಿಟಕಿಯನ್ನೇ ನುಂಗುತ್ತದೆಂದು ಉಳಿದವರೆಲ್ಲ ಸೇರಿ ಅವನನ್ನು ಮೂಲೆಗೆ ಕೂರಿಸಿದ್ದರಂತೆ.

ಆಮೇಲೆ ಕಡಲು ಹಿಂದೆ ಸರಿಯಿತು. ದೋಣಿ ಇಳಿಯುವ ಕಲ್ಲುಹಾಸು ಮರಳಿನಲ್ಲಿ ಹೋಗಿ ನಿಂತಿತು. ಉಬ್ಬರ ಬರುವವರೆಗೆ ಮುಳುಗುವವರು ಕಾಯಬೇಕಾಯಿತು. ಕೊನೆಗೆ ಇಂಜಿನ್ನಿನ ದೋಣಿ ಬಂತು. ಅದರ ತಲೆ ಕಮಾನಿಗಿಂತ ಮೊಳ ಎತ್ತರ. ಕಮಾನಿನ ಕಲ್ಲು ಕೆತ್ತೋಣವೆಂದರೆ ಹೆಂಚಿನ ಮಾಡು ಕುಸಿದು ಕೂತೇ ಬಿಡುತ್ತದೆ ಎಂದು ಮೇಸ್ತ್ರಿ ಕೈಮುಗಿದ. ಹಾಗಾಗಿ ಹೊಸ ದೋಣಿ ಮೀನುಪೇಟೆಯ ಕಟ್ಟೆಯಲ್ಲೇ ಉಳಿಯಿತು. ದೋಣಿಮನೆಯಲ್ಲಿ ಹೆಂಗಸರ ರಾತ್ರಿಶಾಲೆ ಶುರುವಾಯಿತು. ನಾನು ತಲೆ ನೆರೆತ ಮೇಲೆ ಅಕ್ಷರ ಕಲಿತದ್ದು ಅಲ್ಲಿಯೇ. ಕಡಲಗಾಳಿಗೆ ದೀಪ ನಿಲ್ಲುವುದಿಲ್ಲವೆಂದು, ಗುಲಾಬಿ ಮುಳುಗುವ ಹಿಂದಿನ ವರ್ಷ, ಕಡಲ ಬಾಗಿಲಿಗೆ ಕಲ್ಲು ಕಟ್ಟಿ ಗಾರೆ ಬಳಿದರು. ನಾವೆಲ್ಲ ಚಂದವಾಯಿತೆಂದೆವು. ಆ ವರ್ಷ ಯಾರೂ ಮುಳುಗಿರಲಿಲ್ಲ. ಒಳಗೆ ತರುವ ಬಾಗಿಲು ಇನ್ನಿಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ.

ಗುಲಾಬಿ ಪಚ್ಚಿಲೆ ಚಿಪ್ಪು ಕೀಳಲು ನಡುಗಡ್ಡೆಯ ಬಂಡೆಗೆ ಹೋಗಿದ್ದಳು. ತಿರುಗಿ ಬರುವಾಗ ದೋಣಿ ಮಗುಚಿತು. ಜೊತೆಗಿದ್ದ ಹೆಂಗಸರು ಬಂಡೆ ಹಿಡಿದರು, ಇವಳನ್ನು ಸೆಳೆತ ಒಯ್ದಿತು. ಮಾರನೆಯ ದಿನ ಇಂಜಿನ್ ದೋಣಿಯವರು ಅವಳನ್ನು ಒಂದು ಹಲಗೆಗೆ ತೋಳು ಸುತ್ತಿದ ಹಾಗೆಯೇ ಎತ್ತಿ ತಂದರು, ಅದೇ ಹಲಗೆಯ ಮೇಲೆ ಮೀನುಪೇಟೆ ದಾಟಿಸಿ ಹೊತ್ತು ತಂದರು. ಹಿಂದೆ ದಾರಿಯುದ್ದಕ್ಕೂ ಹಲಗೆಯ ನೆರಳಿನಷ್ಟು ಅಗಲಕ್ಕೆ ಮಣ್ಣು ತೊಯ್ದಿತ್ತು. ಪೇಟೆಯವರು ತಮ್ಮ ಒಣಮೀನಿನ ಬುಟ್ಟಿಗಳನ್ನು ಎತ್ತಿ ಒಳಗಿಟ್ಟರು.

ದೋಣಿಮನೆಯ ನೆಲ ಒರೆಸುವ ಕೆಲಸ ನನ್ನದು, ನನ್ನ ಅತ್ತೆಯಿಂದ ಬಂದದ್ದು. ನಾನು ಬಾಗಿಲಲ್ಲೇ ಇದ್ದೆ. ನನಗೆ ಅವಳ ಮುಖ ಕಾಣುವ ಮೊದಲು ಕೊಗ್ಗ ತಂಡೇಲನ ಸ್ವರ ಕೇಳಿತು. ಕೊಗ್ಗ ಎಂದರೆ ರಕ್ಷಣೆಯ ದೋಣಿಯ ಯಜಮಾನ. ನೆರಳು ಒಣಗಿತೋ ಇಲ್ಲವೋ ಎಂದು ಹೇಳುವ ಅಧಿಕಾರವೂ ಅವನದೇ. "ಈ ಬಾಗಿಲಿಂದ ಒಳಗೆ ತಂದದ್ದು ಯಾರನ್ನೂ ಇಲ್ಲ," ಅಂದ. "ಮತ್ತೆ ಗೋಡೆ ಒಡೆದು ತರುದಾ? ಕಟ್ಟಿಸಿದ್ದು ನೀವೇ ಅಲ್ವಾ ಮಾರಾಯ್ರೆ," ಎಂದಳು ನತಾಲಿಯಾ ಬಾಯಿ. ಅವಳು ಎದುರುಮನೆಯ ಬೇಕರಿಯವಳು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವಳು. ಕೊಗ್ಗ ಬೀಡಿ ಬಾಯಿಂದ ತೆಗೆಯದೆ, "ನಾನು ಹೇಳಿದ್ದು ಅಷ್ಟೆ. ಮುಂದೆ ನನ್ನನ್ನು ಕೇಳ್ಬೇಡಿ," ಅಂದ. ಅಷ್ಟು ಸಾಕಾಯಿತು. ಸಂಜೆಯೊಳಗೆ ಇಡೀ ಊರು ಅದನ್ನೇ ಮೆಲ್ಲನೆ ಹೇಳಿಕೊಳ್ಳುತ್ತಿತ್ತು.

ನೆರಳಿನ ಪರೀಕ್ಷೆ ಹೀಗೆ. ಬೆಳಿಗ್ಗೆ ಕಿಟಕಿಯ ಬಿಸಿಲು ನೆಲಕ್ಕೆ ಬಿದ್ದಾಗ ಅಲ್ಲಿ ಅಕ್ಕಿಹಿಟ್ಟು ಉದುರಿಸಬೇಕು. ಕಡಲಿಂದ ಬಂದವರು ತಮ್ಮ ನೆರಳು ಆ ಹಿಟ್ಟಿನ ಮೇಲೆ ಬೀಳುವಂತೆ, ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು ನಿಲ್ಲಬೇಕು. ಆಮೇಲೆ ತಂಡೇಲ ಬೆಳಕಿಗೆ ಅಡ್ಡವಾಗದ ಹಾಗೆ ಹೊರಗೆ ಪಕ್ಕಕ್ಕೆ ನಿಂತು, ಉದ್ದ ಕೋಲಿನ ಬೀಸಣಿಗೆಯನ್ನು ಕಿಟಕಿಯಿಂದ ತೂರಿಸಿ ಬೀಸುತ್ತಾನೆ. ಹಿಟ್ಟು ಹಾರಿದರೆ ಒಣಗಿದೆ, ಅಂಟಿಕೊಂಡರೆ ಇಲ್ಲ. ಸಾಮಾನ್ಯವಾಗಿ ಹುಣ್ಣಿಮೆಗೆ ಬಂದವರು ಅಮಾವಾಸ್ಯೆಗೆ ಮನೆಯಲ್ಲಿರುತ್ತಾರೆ. ಅಲ್ಲಿಯವರೆಗೆ ಮನೆಯವರು ಗಂಜಿ, ಬಟ್ಟೆ, ಕಾಲಬುಡಕ್ಕೆ ತೆಂಗಿನ ಸಿಪ್ಪೆ ತಂದು ಕೊಡುತ್ತಾರೆ. ನಾನು ಒರೆಸುತ್ತೇನೆ. ಅಷ್ಟೆ, ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ಹೆದರುವಂಥದ್ದು ಒಂದೇ. ಮಳೆ ಹಿಡಿದು, ದೋಣಿ ಇಳಿಯದ ಹಾಗೆ ಕಡಲು ಮುಚ್ಚುವ ಮೊದಲು ನೆರಳು ಒಣಗದಿದ್ದರೆ ಅದು ಮನುಷ್ಯನ ನೆರಳೇ ಅಲ್ಲ, ಕಡಲು ಬೇರೆ ಏನನ್ನೋ ಕಳಿಸಿದೆ ಎಂದು ಲೆಕ್ಕ. ಅಂಥವರನ್ನು ನೆರಳು ಒಣಗಿದವರೇ ಕೈ ಹಿಡಿದು ಎತ್ತಿದ ಜಾಗಕ್ಕೇ ಒಯ್ದು, ಕೈಗೊಂದು ತೆಂಗಿನಕಾಯಿ ಕೊಟ್ಟು, ಬಿಟ್ಟು ಬರಬೇಕು. ನನ್ನ ತಾಯಿಯ ಕಾಲದಲ್ಲಿ ಒಬ್ಬರನ್ನು ಹಾಗೆ ಬಿಟ್ಟಿದ್ದರಂತೆ. ಅವರ ಹೆಸರನ್ನು ಊರಿನಲ್ಲಿ ಯಾರೂ ಹೇಳುವುದಿಲ್ಲ, ಮಕ್ಕಳಿಗೆ ಇಡುವುದೂ ಇಲ್ಲ.

ಗುಲಾಬಿಯ ನೆರಳು ಒಣಗಲಿಲ್ಲ. ಅಮಾವಾಸ್ಯೆ ಹೋಯಿತು, ಇನ್ನೊಂದು ಹುಣ್ಣಿಮೆಯೂ ಹೋಯಿತು. ಪ್ರತಿ ಸಲ ಬೀಸಣಿಗೆ ಬೀಸಿದಾಗಲೂ ಸುತ್ತಲಿನ ಹಿಟ್ಟು ಹಾರಿ, ಅವಳ ಆಕಾರದ ಹಿಟ್ಟು ನೆಲಕ್ಕೆ ಕಚ್ಚಿಕೊಂಡು ಉಳಿಯುತ್ತಿತ್ತು. ತಲೆ, ಭುಜ, ಕೆದರಿದ ಕೂದಲು ಸಹ. ಮೊದಮೊದಲು ಅವಳ ಗಂಡ ದೂಮಣ್ಣ ದಿನಾ ಬುತ್ತಿ ತರುತ್ತಿದ್ದ. ಆಮೇಲೆ ಬುತ್ತಿಯನ್ನು ಹೊಸ್ತಿಲ ಆಚೆ ಇಟ್ಟು ಕೆಮ್ಮುತ್ತಿದ್ದ. ಆಮೇಲೆ ಕೆಮ್ಮೂ ನಿಂತಿತು. ನತಾಲಿಯಾ ಬಾಯಿ ರೊಟ್ಟಿ ತಂದುಕೊಡುವಾಗ ಹೇಳುತ್ತಿದ್ದಳು, "ಪೇಟೆಯಲ್ಲಿ ಎಂತೆಂತ ಮಾತಾಡ್ತಾರೆ ಗೊತ್ತುಂಟಾ ಸಂಕಮ್ಮ? ಒಂದು ರಾತ್ರಿಯಿಡೀ ನೀರಲ್ಲಿದ್ದು ಬದುಕುದು ಹೇಗೆ ಅಂತ. ನಿನ್ನ ಅಳಿಯನೇ ಹೇಳ್ತಾನಂತೆ, ಅವಳ ಕಣ್ಣು ಮೊದಲು ಇಷ್ಟು ಕಪ್ಪಿರಲಿಲ್ಲ ಅಂತ." ನಾನು ಉರಿದು ಬಿದ್ದೆ. "ಅವನು ಅವಳ ಕಣ್ಣನ್ನು ಯಾವಾಗ ನೋಡಿದ್ದ? ಮದುವೆಯಾದಂದಿನಿಂದ ತಟ್ಟೆ ನೋಡಿದ್ದೇ ಹೆಚ್ಚು." ನತಾಲಿಯಾ ಬಾಯಿ ನಗಲಿಲ್ಲ. ರೊಟ್ಟಿಯನ್ನು ಗುಲಾಬಿಯ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟು ಹೋದಳು. ಅದು ನನಗೆ ಕಾಣದೆ ಇರಲಿಲ್ಲ.

ಆದರೆ ಅನುಮಾನ ಊರಿನವರಲ್ಲೇ ಉಳಿಯಲಿಲ್ಲ, ನನ್ನೊಳಗೂ ಬಂತು. ಗಂಜಿಗೆ ಉಪ್ಪೇ ಬೇಡವೆನ್ನುತ್ತಿದ್ದ ಹುಡುಗಿ ಈಗ ಉಪ್ಪು ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತಿದ್ದವಳು ಬಾಗಿಲ ಕಡೆಗೆ ಮಾಡುತ್ತಿದ್ದಳು. ಗಂಡನನ್ನು ಒಮ್ಮೆಯೂ ಕೇಳಲಿಲ್ಲ. ನಾನು ಒರೆಸುತ್ತ ಒರೆಸುತ್ತ ಅವಳನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಅವಳು ನೋಡಿದಾಗ ಬಟ್ಟೆ ಹಿಂಡುತ್ತಿದ್ದೆ. ಒಂದು ದಿನ ಏನೂ ಆಗದವಳ ಹಾಗೆ, "ನಿನ್ನ ಮೊಣಕಾಲಿನ ಗಾಯ ಹೇಗಾದದ್ದು, ನೆನಪುಂಟಾ?" ಎಂದೆ. "ಬಾವಿಕಟ್ಟೆಯಿಂದ ಬಿದ್ದದ್ದಲ್ವಾ." "ಅಲ್ಲ, ಅಂಗಳದ ಒರಳುಕಲ್ಲಿಗೆ ಎಡವಿದ್ದು." "ಬಾವಿಕಟ್ಟೆ," ಅಂದಳು. "ಒರಳುಕಲ್ಲು," ಅಂದೆ. ನನ್ನ ಕೈಯಲ್ಲಿದ್ದ ಬಟ್ಟೆ ತಣ್ಣಗಾಯಿತು. ಗುಲಾಬಿ ನನ್ನ ಮುಖವನ್ನೇ ನೋಡಿದಳು. "ನೀನು ನನ್ನನ್ನು ಪರೀಕ್ಷೆ ಮಾಡ್ತಾ ಇದ್ದಿ. ಬಂದ ದಿನದಿಂದ ಮಾಡ್ತಾ ಇದ್ದಿ. ಬಿದ್ದದ್ದು ನಾನು, ನೋವಾದದ್ದು ನನಗೆ. ಬಾವಿಕಟ್ಟೆ ಅಂತ ನನಗೆ ಗೊತ್ತುಂಟು. ಒರಳುಕಲ್ಲು ಅಂತ ಹೇಳುವ ನೀನು ಯಾರು? ನೀನೇ ನನ್ನ ಅಮ್ಮ ಅಂತ ಎಂತ ಗ್ಯಾರಂಟಿ?"

ನಾನು ಬಕೀಟು ಎತ್ತಿಕೊಂಡು ಬಂದೆ. ಸಿಟ್ಟು ಬಂದಿತ್ತು. ಮನೆಗೆ ಹೋಗಿ ಕಟ್ಟಿಗೆಯ ಒಲೆಯ ಮುಂದೆ ಕೂತಾಗ ನೆನಪಾಯಿತು, ಒರಳುಕಲ್ಲಿಗೆ ಎಡವಿ ಬಿದ್ದವಳು ನನ್ನ ತಂಗಿ. ಗುಲಾಬಿ ಹುಟ್ಟುವುದಕ್ಕೆ ಎಷ್ಟೋ ಮೊದಲು.

ಮಾರನೆಯ ಬೆಳಿಗ್ಗೆ ನಾನು ಬಕೀಟು ಬಟ್ಟೆ ಒಯ್ಯಲಿಲ್ಲ. ಎಣ್ಣೆ ಬಾಚಣಿಗೆ ಒಯ್ದೆ. ತಪ್ಪಾಯಿತೆಂದು ಹೇಳುವುದು ನಮ್ಮಲ್ಲಿ ರೂಢಿಯಿಲ್ಲ, ತಲೆ ಬಾಚಿಕೊಡುವುದು ಉಂಟು. ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಸಿಕ್ಕು ಬಿಡಿಸಿದೆ. ನೆಲದಲ್ಲಿ ಅಂದಿನ ಪರೀಕ್ಷೆಗೆಂದು ಉದುರಿಸಿಟ್ಟ ಹಿಟ್ಟು ಇತ್ತು. ಬಾಚಿ ಮುಗಿಸಿ, ಉದುರಿದ ಕೂದಲು ತೆಗೆಯಲು ಬಾಯಲ್ಲಿ ಉಫ್ ಎಂದು ಊದಿದೆ. ಹಿಟ್ಟು ಹಾರಿತು. ನೆಲದ ಮೇಲೆ ಎರಡು ಆಕಾರ ಉಳಿದವು. ಒಂದು ಅವಳದು. ಇನ್ನೊಂದು ಗೂನುಬೆನ್ನಿನದು, ತುರುಬಿನದು.

ಗುಲಾಬಿ ಬಾಯಿಗೆ ಕೈ ಇಟ್ಟಳು. ನಾನು ನನ್ನ ತುರುಬು ಮುಟ್ಟಿ ನೋಡಿಕೊಂಡೆ. ನಾನು ಯಾವಾಗ ಮುಳುಗಿದ್ದೆ? ಯಾರು ಎತ್ತಿ ತಂದರು? ನನ್ನ ತಾಯಿ ನನಗೆ ಹೇಳದೆ ಉಳಿಸಿದ್ದೇನಾದರೂ ಇತ್ತೇ? ಇಷ್ಟು ವರ್ಷ ಈ ನೆಲ ಒರೆಸಿದ್ದೇನೆ, ಆದರೆ ಒರೆಸುವವಳ ನೆರಳಿನ ಕೆಳಗೆ ಒದ್ದೆ ಇದ್ದರೆ ಅದು ಅವಳ ಬಟ್ಟೆಯ ನೀರೇ ಅಲ್ಲವೇ? ನಾನು ಒಮ್ಮೆಯೂ ಎರಡನೆಯ ಸಲ ನೋಡಿರಲಿಲ್ಲ. ಅಷ್ಟರಲ್ಲಿ ಗುಲಾಬಿ ಎದ್ದು ನೀರಿನ ಬಿಂದಿಗೆಯನ್ನು ತಂದು ಬಿಸಿಲಿಗಿಟ್ಟಳು. ಅದರ ನೆರಳಿಗೆ ಹಿಟ್ಟು ಉದುರಿಸಿ ಕಾದೆವು. ಊದಿದಾಗ ಬಿಂದಿಗೆಯ ಆಕಾರ ಉಳಿಯಿತು. ರಾತ್ರಿಶಾಲೆಯ ಸ್ಟೂಲು ಇಟ್ಟೆವು. ಮೂರು ಕಾಲಿನ ಸ್ಟೂಲು ಉಳಿಯಿತು. ನಾನು ಎದ್ದು ಹೋಗಿ ಕಡಲ ಬಾಗಿಲಿಗೆ ಕಟ್ಟಿದ ಗೋಡೆಯ ಬುಡ ಮುಟ್ಟಿದೆ. ಗಾರೆಯ ಮೇಲೆ ಉಪ್ಪು ಬೆಳೆದು ಬೆರಳಿಗೆ ಬಂತು. ಅಜ್ಜಿಯ ಕಾಲದಿಂದ ಎಲ್ಲರ ನೆರಳಿನಿಂದ ಇಳಿದ ನೀರು ಇಳಿಜಾರಿನಲ್ಲಿ ಹರಿದು ಈ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ನಾವು ಬಾಗಿಲಿಗೆ ಕಲ್ಲು ಕಟ್ಟಿದೆವು. ನೀರು ಹೋಗಲು ಜಾಗವಿಲ್ಲದೆ ಕಲ್ಲುಹಾಸಿನ ಕೆಳಗೇ ನಿಂತಿದೆ. ಬಿಸಿಲು ಬಿದ್ದ ಕಡೆ ಒಣಗುತ್ತದೆ, ನೆರಳು ಬಿದ್ದ ಕಡೆ ಮೇಲೇಳುತ್ತದೆ. "ನೆರಳಿನದ್ದಲ್ಲ, ನೆಲದ್ದು," ಎಂದಳು ಗುಲಾಬಿ. ಬಂದ ಮೇಲೆ ಮೊದಲ ಸಲ ನಕ್ಕಳು. ಆ ನಗು ಅವಳದೇ, ಮೂಗಿನಿಂದ ಬರುವುದು. ಅದನ್ನು ಯಾವ ಕಡಲೂ ಕಲಿಸಲಾರದು.

ಬಿಂದಿಗೆ ಸ್ಟೂಲು ತೋರಿಸಿದರೆ ಮುಗಿಯಿತೆಂದು ನಾನು ಅಂದುಕೊಂಡೆ. ಕೊಗ್ಗನನ್ನು ಕಿಟಕಿಗೆ ಕರೆದೆ. ಅವನು ಬಗ್ಗಿ ನೋಡಿದ. "ಬಿಂದಿಗೆ ಒದ್ದೆಯಾಗದೆ ಮತ್ತೆಂತ, ಅದರ ಕೆಲಸವೇ ನೀರಿನದ್ದು." "ಸ್ಟೂಲು?" "ಅದು ಹಳೇ ದೋಣಿಯ ಹಲಗೆಯದ್ದಲ್ವಾ. ಎಷ್ಟು ಸಲ ಮುಳುಗಿದ ದೋಣಿ ಗೊತ್ತುಂಟಾ ಅದು?" ಬಾಚಣಿಗೆಯ ಆಕಾರವನ್ನೂ ತೋರಿಸಿದೆ. ಆಮೆಚಿಪ್ಪಿನದಿರಬಹುದು ಅಂದ. ಅದು ಸಂತೆಯ ಪ್ಲಾಸ್ಟಿಕ್ಕು. "ಹಾಗಾದ್ರೆ ನೀವೇ ಒಳಗೆ ಬಂದು ನಿಲ್ಲಿ, ನಿಮ್ಮ ನೆರಳು ನೋಡುವ," ಎಂದೆ. ಅವನು ಬೀಡಿಯನ್ನು ಈ ಕೈಯಿಂದ ಆ ಕೈಗೆ ಮಾಡಿದ. "ತಂಡೇಲ ಒಳಗೆ ಬರುವ ಕ್ರಮ ಇಲ್ಲ. ಕಲ್ಲಿನಲ್ಲಿ ಬರೆದದ್ದುಂಟು." ಊರ ಬಾಗಿಲಿನ ಮೇಲೆ ಒಂದು ಬರಹವಿರುವುದು ನಿಜ. ಕ್ರಮವೆಲ್ಲ ಅದರಲ್ಲಿದೆಯೆಂದು ಊರೇ ಕೈಮುಗಿಯುತ್ತಿತ್ತು. ನಾನೂ ನತಾಲಿಯಾ ಬಾಯಿಯೂ ಅಕ್ಷರ ಕಲಿತ ಮೇಲೆ ಮೊದಲು ಓದಿದ್ದು ಅದನ್ನೇ. ಒಳಗೆ ಡಾಂಬರು ಇಟ್ಟಿರುವುದರಿಂದ ಇಲ್ಲಿ ಹೊಗೆ ಸೇದಕೂಡದು ಎಂದಷ್ಟೇ ಅದರಲ್ಲಿದೆ. ನಾನು ಹಾಗೆಂದೆ. ಕೊಗ್ಗ ಬೀಡಿಯನ್ನು ಕಾಲಡಿ ಹಾಕಿ ಹೊಸಕಿದ, ಆದರೆ ಒಳಗೆ ಬರಲಿಲ್ಲ. "ಸೋಮವಾರ ಗಾಳಿ ತಿರುಗ್ತದೆ. ಆಮೇಲೆ ಕಡಲು ಮುಚ್ಚಿತು. ಸೋಮವಾರ ಬೆಳಿಗ್ಗೆ ಕೊನೇ ಪರೀಕ್ಷೆ. ತೆಂಗಿನಕಾಯಿ ನಾನೇ ತರ್ತೇನೆ," ಎಂದು ಹೇಳಿ ಹೋದ.

ಅಳಿಯನ ಹತ್ತಿರ ಹೋದೆ. ಅವನು ಬಲೆ ಹೆಣೆಯುತ್ತಿದ್ದ, ಹೆಣೆಯುತ್ತಲೇ ಇದ್ದ. "ಒಂದು ಸಲ ಒಳಗೆ ಬಂದು ನಿಲ್ಲು ದೂಮಣ್ಣ. ನಿನ್ನ ನೆರಳೂ ಒದ್ದೆಯಾಗುದನ್ನು ಜನ ನೋಡ್ಲಿ. ಅವಳು ಉಳೀತಾಳೆ." ಅವನು ಬಲೆಯ ಗಂಟು ಬಿಗಿದು ಹೇಳಿದ, "ಅತ್ತೆ, ನೆಲದ ಒದ್ದೆ ಅಂತ ನೀವು ಹೇಳ್ತೀರಿ. ಹೌದಿರಬಹುದು. ಆದ್ರೆ ನನ್ನ ನೆರಳು ಅಂಟಿಕೊಂಡ್ರೆ, ಅದು ನೆಲದ್ದಾ ನನ್ನದ್ದಾ ಅಂತ ನನಗೆ ಹೇಗೆ ಗೊತ್ತಾಗುದು?" ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ನೆರಳನ್ನು ಹಿಟ್ಟಿನ ಮೇಲೆ ಕಂಡಾಗ ನಾನೂ ಅದನ್ನೇ ಕೇಳಿಕೊಂಡಿದ್ದೆ. ಚಿಕ್ಕಂದಿನಲ್ಲಿ ಅಳಿವೆಗೆ ಬೀಳದವರು ನಮ್ಮೂರಲ್ಲಿ ಯಾರಿದ್ದಾರೆ? ಅಮ್ಮಂದಿರು ಎತ್ತಿಕೊಂಡು, ಯಾರಿಗೂ ಹೇಳದೆ, ಸೀರೆಯಲ್ಲಿ ಸುತ್ತಿ ಮನೆಗೆ ಒಯ್ದಿರಬಹುದು. ಆ ಅನುಮಾನವನ್ನು ಒಬ್ಬೊಬ್ಬರೂ ತಮ್ಮ ತಮ್ಮ ಮನೆಯೊಳಗೇ ಇಟ್ಟುಕೊಂಡಿದ್ದರೆಂದು ನನಗೆ ಆಗ ತಿಳಿಯಿತು.

ಸೋಮವಾರ ಬೆಳಿಗ್ಗೆ ಇಡೀ ಪೇಟೆ ದೋಣಿಮನೆಯ ಮುಂದೆ ಇತ್ತು. ಕೊಗ್ಗ ತೆಂಗಿನಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಇಂಜಿನ್ ದೋಣಿ ಕಟ್ಟೆಯಲ್ಲಿ ದಡದಡ ಎನ್ನುತ್ತಿತ್ತು. ಗುಲಾಬಿ ಕಿಟಕಿಯ ಬೆಳಕಿಗೆ ನಿಂತಳು. ಗದ್ದ ಇಳಿಸಲಿಲ್ಲ. ಬೀಸಣಿಗೆ ಬೀಸಿದಾಗ ಅವಳ ಆಕಾರ ಉಳಿಯಿತು. ಹೊರಗಿನವರು ಉಸಿರು ಬಿಟ್ಟದ್ದು ಕೇಳಿಸಿತು. ನಾನು ಒಳಗೆ ಹೋಗಿ ಅವಳ ಪಕ್ಕದಲ್ಲಿ ನಿಂತೆ. "ಇನ್ನೂ ಮುಗಿಯಲಿಲ್ಲ. ನನ್ನದನ್ನೂ ನೋಡಿ," ಎಂದೆ. ಗುಲಾಬಿ ನನ್ನ ಸೆರಗು ಹಿಡಿದೆಳೆದಳು. "ಬೇಡಮ್ಮ, ನಿನ್ನನ್ನೂ ಒಯ್ತಾರೆ." ನಾನು ಅವಳ ಕೈ ಬಿಡಿಸಿ ಹಿಟ್ಟು ಉದುರಿಸಿದೆ. ಕೊಗ್ಗನಿಗೆ ಬೀಸಲು ಮನಸ್ಸಿರಲಿಲ್ಲ, ಆದರೆ ಜನ ನೋಡುತ್ತಿದ್ದರು. ಬೀಸಿದ. ಗೂನುಬೆನ್ನು ಉಳಿಯಿತು, ತುರುಬೂ ಉಳಿಯಿತು.

"ಅಯ್ಯೋ, ಇವಳೂ!" ಎಂದು ಯಾರೋ ಕೂಗಿದರು. ಇಷ್ಟು ವರ್ಷ ನನ್ನ ಕೈಯಿಂದ ನೀರು ಕುಡಿದವರು ಎರಡು ಹೆಜ್ಜೆ ಹಿಂದೆ ಹೋದರು. ಕೊಗ್ಗನ ಮುಖ ಬಿಳಚಿತು. "ಹಾಗಾದ್ರೆ ಇಬ್ಬರೂ," ಎಂದ, ಸಣ್ಣ ದನಿಯಲ್ಲಿ. "ಇಬ್ಬರನ್ನೂ ಒಯ್ಯಬೇಕಾಗ್ತದೆ."

"ಬರ್ತೇವೆ," ಎಂದೆ. "ನಾವು ಓಡಿಹೋಗುವವರಲ್ಲ. ಆದ್ರೆ ಒದ್ದೆಯವರನ್ನು ಒಣಗಿದವರೇ ಕೈ ಹಿಡಿದು ಕರೆದೊಯ್ಯುದು ಅಲ್ವಾ ಕ್ರಮ?" ಡಬ್ಬದಲ್ಲಿ ಉಳಿದಿದ್ದ ಹಿಟ್ಟನ್ನೆಲ್ಲ ಹೊಸ್ತಿಲಿನ ಒಳಬದಿಗೆ ಸುರಿದು, ಕೈಯಿಂದ ಹರಡಿದೆ. ಬಾಗಿಲಿನಿಂದ ಬಂದ ಬಿಸಿಲು ಅದರ ಮೇಲೆ ಬಿದ್ದು ಬೆಳ್ಳಗೆ ಹೊಳೆಯಿತು. "ಯಾರ ನೆರಳು ಒಣಗಿದೆಯೋ ಅವರು ಬನ್ನಿ. ಇದರ ಮೇಲೆ ಸ್ವಲ್ಪ ಹೊತ್ತು ನಿಂತು, ಆಮೇಲೆ ನಮ್ಮ ಕೈ ಹಿಡೀರಿ."

ಕೊಗ್ಗ ಒಂದು ಕಾಲು ಎತ್ತಿದ. ಸೂರ್ಯ ಅವನ ಬೆನ್ನ ಹಿಂದೆ ಇದ್ದ. ಅವನ ಕಾಲಿಗಿಂತ ಮುಂಚೆ ಅವನ ತಲೆಯ ನೆರಳು ಹೊಸ್ತಿಲು ದಾಟಿ ಹಿಟ್ಟಿನ ಅಂಚು ಮುಟ್ಟಿತು. ಅವನು ಅದನ್ನು ನೋಡಿದ. ಕಾಲನ್ನು ಹಾಗೆಯೇ ಹಿಂದಕ್ಕೆ ಇಟ್ಟ. ಕಂಕುಳಿನ ತೆಂಗಿನಕಾಯಿ ಜಾರಿ ಬಿದ್ದು ಉರುಳಿತು, ಎತ್ತಿಕೊಳ್ಳಲು ಬಗ್ಗಿದರೆ ನೆರಳು ಇನ್ನೆಲ್ಲಿ ಬೀಳುವುದೋ ಎಂದು ಬಗ್ಗಲಿಲ್ಲ. ಅವನ ಹಿಂದಿದ್ದವರೂ ನೆಲ ನೋಡಿದರು. ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು. ಹೆಂಗಸರು ಮಕ್ಕಳನ್ನು ಎಳೆದುಕೊಂಡರು. ದೂಮಣ್ಣ ಎಲ್ಲರಿಗಿಂತ ಹಿಂದೆ, ಆಲದ ಮರದ ನೆರಳಿನೊಳಗೆ ಹೋಗಿ ನಿಂತಿದ್ದ, ತನ್ನದು ಯಾವುದು ಎಂದು ಯಾರಿಗೂ ಕಾಣದ ಹಾಗೆ. ಸ್ವಲ್ಪ ಹೊತ್ತಿನಲ್ಲಿ ಬಾಗಿಲಿನ ಮುಂದೆ ಬರೀ ಬಿಸಿಲು ಉಳಿಯಿತು. ಕಟ್ಟೆಯಲ್ಲಿ ಯಾರೋ ಇಂಜಿನ್ ನಿಲ್ಲಿಸಿದರು.

"ಯಾರೂ ಇಲ್ವಾ?" ಎಂದೆ. ಆಗ ನತಾಲಿಯಾ ಬಾಯಿ ಮುಂದೆ ಬಂದಳು. ಅವಳೂ ಹಿಟ್ಟಿನ ಮೇಲೆ ಕಾಲಿಡಲಿಲ್ಲ, ಅದನ್ನು ನಾನು ಸುಳ್ಳು ಹೇಳುವುದಿಲ್ಲ. ಪಕ್ಕಕ್ಕೆ ನಿಂತು, ಕೈ ಮಾತ್ರ ಹೊಸ್ತಿಲಿನ ಒಳಗೆ ಚಾಚಿ ಗುಲಾಬಿಗೆ ಒಂದು ರೊಟ್ಟಿ ಕೊಟ್ಟಳು. "ತಿಂದುಕೊಂಡು ಹೋಗು ಮಗಾ," ಅಂದಳು, "ಬಿಸಿ ಉಂಟು."

ಗುಲಾಬಿ ರೊಟ್ಟಿ ತೆಗೆದುಕೊಂಡು ತಲೆ ಬಗ್ಗಿಸಿ ಊರ ಬಾಗಿಲು ದಾಟಿದಳು. ನಾನು ಹಿಂದೆ ದಾಟಿದೆ. ಯಾರೂ ತಡೆಯಲಿಲ್ಲ, ಯಾರೂ ಹತ್ತಿರವೂ ಬರಲಿಲ್ಲ. ಅಂದಿನಿಂದ ನಮ್ಮೂರಿನಲ್ಲಿ ಬೆಳಗಿನ ಹೊತ್ತು ಇನ್ನೊಬ್ಬರ ಬಾಗಿಲಿಗೆ ಎದುರಾಗಿ ಯಾರೂ ನಿಲ್ಲುವುದಿಲ್ಲ, ಪಕ್ಕದಲ್ಲಿ ನಿಂತು ಕೂಗುತ್ತಾರೆ. ಆಮೇಲೆ ಕಡಲಿನಿಂದ ಎತ್ತಿ ತಂದವರನ್ನು ದೋಣಿಮನೆಗೆ ಒಯ್ಯುವುದಿಲ್ಲ, ಅವರವರ ಮನೆಯ ಅಂಗಳದಲ್ಲೇ ತೆಂಗಿನ ಸಿಪ್ಪೆ ಹಾಸಿ ಒಣಗಿಸುತ್ತಾರೆ. ಎಷ್ಟು ದಿನವೆಂದು ಕೇಳುವವರಿಲ್ಲ. ದೋಣಿಮನೆಯ ಕಡಲ ಬಾಗಿಲಿನ ಗೋಡೆ ಇನ್ನೂ ಹಾಗೆಯೇ ಇದೆ. ಒಡೆಯೋಣವೆಂದು ಪ್ರತಿ ವರ್ಷ ಮಾತಾಗುತ್ತದೆ, ಒಡೆಯಲು ಒಳಗೆ ಹೋಗಬೇಕಲ್ಲ.

ಆ ದಿನ ನನ್ನ ಮನೆಯ ದಾರಿಯಲ್ಲಿ ಗುಲಾಬಿ ಮುಂದೆ, ನಾನು ಹಿಂದೆ. ಮನೆ ಮೂಡಣಕ್ಕೆ, ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಅವಳ ನೆರಳು ನನ್ನ ಕಾಲಬುಡದಲ್ಲೇ ಬರುತ್ತಿತ್ತು. ನಾನು ಅದರ ಪಕ್ಕದಲ್ಲಿ, ಅದನ್ನು ತುಳಿಯದ ಹಾಗೆ, ನೆಲದ ಮಣ್ಣಿನ ಬಣ್ಣವನ್ನು ನೋಡುತ್ತ ನಡೆಯುತ್ತಿದ್ದೆ. ಅವಳು ತಿರುಗದೆಯೇ ಕೇಳಿದಳು, "ಹಿಂದೆ ಯಾಕೆ ಬರ್ತಿ ಅಮ್ಮ?"

ನಾನು ಬೇಗ ಬೇಗ ನಡೆದು ಅವಳ ಪಕ್ಕಕ್ಕೆ ಬಂದೆ. ಅವಳು ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟಳು. ನಮ್ಮಿಬ್ಬರ ನೆರಳುಗಳೂ ಈಗ ಹಿಂದೆ ಬರುತ್ತಿದ್ದವು. ಮನೆ ಮುಟ್ಟುವವರೆಗೂ ಅವಳು ತಿರುಗಿ ನೋಡಲಿಲ್ಲ, ನಾನೂ ನೋಡಲಿಲ್ಲ.